ಗ್ಯಾರೇಜ್ ಕಟ್ಟೆ: ಗೇರ್‌ಬಾಕ್ಸ್ ಇಳ್ಸೋಕ್ ಮುಂಚೆ ಮ್ಯಾಟ್ ಎತ್ತಿ ನೋಡಿ

ಈ ಸಲ ಬಂದಿರೋ ಕಾಗದಗಳಲ್ಲಿ ಅರ್ಧಕ್ಕರ್ಧ ಕ್ಲಚ್‌ದೇ ಗೋಳು. ಮದುವೆ ಸೀಸನ್ನು ಜಾತ್ರೆ ಸೀಸನ್ನು ಅಂದ್ರೆ ಮನೆ ಹಳೇ ಗಾಡೀಗೆ ಆರೇಳು ಜನ ತುಂಬ್ಕೊಂಡು ಹೊರಡೋ ಕಾಲ, ವರ್ಷವೆಲ್ಲಾ ಸುಮ್ನಿದ್ದ ಕ್ಲಚ್ಚು ಬಾಯ್ಬಿಡೋದು ಆವಾಗ್ಲೇ. ಅದಕ್ಕೆ ಈ ಸಂಚಿಕೆ ಪೂರ್ತಿ ಕ್ಲಚ್‌ಗೇ ಇಟ್ಬಿಟ್ಟಿದೀನಿ. ಎಸಿ ಬಗ್ಗೆ ಕೇಳಿರೋರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲದ ತನಕ ಕಿಟಕಿ ಇಳಿಸ್ಕೊಂಡು ಓಡಾಡಿ.

ಪ್ರಶ್ನೆ: ಸಾರ್ ನಮಸ್ಕಾರ, ನಂದು 2005ರ ಮಾರುತಿ 800, ಓಡಿರೋದು 1,72,000 ಕಿ.ಮೀ., ಅಪ್ಪಾಜಿ ಕಾಲದ ಗಾಡಿ, ಮಾರೋಕೆ ಮನಸ್ಸಿಲ್ಲ. ಮೂರು ವಾರದ ಹಿಂದೆ ಫಸ್ಟ್ ಗೇರ್ ಗಟ್ಟಿ ಆಗಿತ್ತು, ರಿವರ್ಸ್ ಹಾಕಿದ್ರೆ ಕರ್ ಅಂತಿತ್ತು. ಮನೆ ಹತ್ರದ ಮೆಕ್ಯಾನಿಕ್ ಕೇಬಲ್ ಟೈಟ್ ಮಾಡಿಕೊಟ್ರು, ಗೇರ್ ಸಲೀಸಾಯ್ತು. ಹೋದ ಭಾನುವಾರ ದೇವರಾಯನದುರ್ಗ ಹತ್ತಿಸ್ಬೇಕಾದ್ರೆ ಇಂಜಿನ್ ಗುಂಯ್ ಅಂತ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ, ಸುಟ್ಟ ವಾಸನೆ ಬೇರೆ. ಈಗ ಅದೇ ಮೆಕ್ಯಾನಿಕ್ ಕ್ಲಚ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು ಅಂತಾರೆ. ಮಾಡಿಸ್ಲಾ?
— ಶಿರಾ ಗೇಟ್ ಕಡೆಯ ಓದುಗರು, ತುಮಕೂರು

ಉತ್ತರ: ಸ್ವಲ್ಪ ತಡ್ಕೊಳಿ ಸಾರ್. ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ಮೊದಲು ಇದ್ದ ರೋಗ ಒಂದು, ಈಗ ಇರೋ ರೋಗ ಇನ್ನೊಂದು, ಮೊದಲನೇದಕ್ಕೆ ಕೊಟ್ಟ ಔಷಧಿಯಿಂದ್ಲೇ ಎರಡನೇದು ಬಂದಿರೋ ಚಾನ್ಸ್ ಜಾಸ್ತಿ.

ಇಂಜಿನ್ ತಿರುಗೋದನ್ನ ಗೇರ್‌ಬಾಕ್ಸಿಗೆ ದಾಟಿಸೋದು ಕ್ಲಚ್ಚು. ಅದಕ್ಕೆ ಇರೋದು ಎರಡೇ ಕೆಲಸ, ಹಿಡೀಬೇಕು, ಬಿಡಬೇಕು. ಪೆಡಲ್ ಒತ್ತಿದಾಗ ಪೂರ್ತಿ ಬಿಡ್ಲಿಲ್ಲ ಅಂದ್ರೆ ಗೇರ್ ಗಟ್ಟಿ, ರಿವರ್ಸಲ್ಲಿ ಕರ್ ಕರ್. ಪೆಡಲ್ ಬಿಟ್ಟಾಗ ಪೂರ್ತಿ ಹಿಡೀಲಿಲ್ಲ ಅಂದ್ರೆ ಇಂಜಿನ್ ಕೂಗುತ್ತೆ, ಗಾಡಿ ಓಡಲ್ಲ, ಇದನ್ನೇ ಸ್ಲಿಪ್ ಅನ್ನೋದು. ಎರಡಕ್ಕೂ ಜನ ಒಂದೇ ಮಾತು ಹೇಳ್ತಾರೆ, ಕ್ಲಚ್ ಹೋಗಿದೆ ಅಂತ, ಆದ್ರೆ ಎರಡೂ ಎದುರು ಬದುರು ರೋಗ.

800ರದ್ದು ಕೇಬಲ್ ಕ್ಲಚ್ಚು. ಪೆಡಲ್ಲನ್ನ ಕೈಯಲ್ಲಿ ಮೆತ್ತಗೆ ಒತ್ತಿ ನೋಡಿ, ಮೊದಲು ಒಂದಿಷ್ಟು ದೂರ ಭಾರವೇ ಇಲ್ದಂಗೆ ಹೋಗಿ ಆಮೇಲೆ ಗಟ್ಟಿ ಆಗ್ಬೇಕು. ಇದಕ್ಕೆ ನಾವು ಫ್ರೀ ಪ್ಲೇ ಅಂತೀವಿ. ಸುಮಾರಾಗಿ ಒಂದು ಬೆರಳಿನ ದಪ್ಪ ಇದ್ರೆ ಸರಿ, ಕರೆಕ್ಟ್ ಅಳತೆ ಗಾಡಿ ಜೊತೆ ಬಂದ ಪುಸ್ತಕದಲ್ಲಿರುತ್ತೆ. ಈ ಆಟ ಒಂಚೂರೂ ಇಲ್ಲ ಅಂದ್ರೆ ನೀವು ಕಾಲು ತೆಗೆದ್ರೂ ಯಾರೋ ಪೆಡಲ್ ಮೇಲೆ ಸಣ್ಣಗೆ ಕಾಲಿಟ್ಟಂಗೇ ಲೆಕ್ಕ, ಕ್ಲಚ್ಚನ್ನ ಬಿಡಿಸೋ ರಿಲೀಸ್ ಬೇರಿಂಗ್ ಯಾವಾಗ್ಲೂ ಕ್ಲಚ್ ಸ್ಪ್ರಿಂಗನ್ನ ತಳ್ತಾನೇ ಇರುತ್ತೆ, ಕ್ಲಚ್ ಪ್ಲೇಟ್ ಪೂರ್ತಿ ಹಿಡಿಯಲ್ಲ, ಘಾಟಲ್ಲಿ ಲೋಡ್ ಬಿದ್ದ ತಕ್ಷಣ ಜಾರುತ್ತೆ.

ಇನ್ನೊಂದು ಮಾತು ಕೇಳಿ, ಇದು ಎಷ್ಟೋ ಜನ ಮೆಕ್ಯಾನಿಕ್‌ಗಳೇ ಉಲ್ಟಾ ತಿಳ್ಕೊಂಡಿರೋದು. ಪ್ಲೇಟ್ ಸವೆದಂಗೆ ಪೆಡಲ್ ಆಟ ಜಾಸ್ತಿ ಆಗಲ್ಲ, ಕಮ್ಮಿ ಆಗುತ್ತೆ. ಯಾಕಂದ್ರೆ ಪ್ಲೇಟ್ ತೆಳ್ಳಗಾದಷ್ಟೂ ಅದನ್ನ ಅದುಮಿ ಹಿಡಿಯೋ ಪ್ರೆಷರ್ ಪ್ಲೇಟು ಫ್ಲೈವೀಲ್, ಅಂದ್ರೆ ಇಂಜಿನ್ ತುದೀಲಿ ತಿರುಗೋ ಭಾರದ ಚಕ್ರದ ಕಡೆ ಸರಿಯುತ್ತೆ, ಅದರ ಸ್ಪ್ರಿಂಗಿನ ಬೆರಳುಗಳು ಇತ್ತ ಬೇರಿಂಗ್ ಕಡೆ ಎದ್ದು ಬರ್ತಾವೆ, ನಡುವೆ ಇದ್ದ ಗ್ಯಾಪ್ ಮುಚ್ಚೋಗುತ್ತೆ. ಅಂದ್ರೆ ಹಳೇ ಗಾಡೀಲಿ ಕಾಲಕಾಲಕ್ಕೆ ಕೇಬಲ್ ಲೂಸ್ ಮಾಡ್ಬೇಕಾಗಿ ಬರೋದು, ಟೈಟ್ ಅಲ್ಲ. ಕೇಬಲ್ ಎಳೆದು ಉದ್ದ ಆದಾಗ, ಎಳೆ ಕಿತ್ತಾಗ ಮಾತ್ರ ಆಟ ಜಾಸ್ತಿ ಆಗೋದು.

ಈಗ ಮಾಡೋದೇನಪ್ಪಾ ಅಂದ್ರೆ, ಗೇರ್‌ಬಾಕ್ಸ್ ಕಡೆ ಕೇಬಲ್ ತುದೀಲಿರೋ ನಟ್ ಸಡಿಲ ಮಾಡಿ ಆಟ ವಾಪಸ್ ತರಿಸಿ. ಹತ್ತು ನಿಮಿಷದ ಕೆಲಸ. ಆಮೇಲೆ ಟ್ರಾಫಿಕ್ ಇಲ್ಲದ ರೋಡಲ್ಲಿ, ನಾಲ್ಕನೇ ಗೇರಲ್ಲಿ 40-45ರಲ್ಲಿ ಹೋಗ್ತಾ ಎಕ್ಸಲೇಟರ್ ಪೂರ್ತಿ ಒತ್ತಿ. ಸೌಂಡು ಸ್ಪೀಡು ಎರಡೂ ಜೊತೆಜೊತೆಗೆ ನಿಧಾನವಾಗಿ ಏರಿದ್ರೆ ಕ್ಲಚ್ ಹಿಡೀತಿದೆ. ಸೌಂಡ್ ಮಾತ್ರ ದಿಢೀರಂತ ಏರಿ ಸ್ಪೀಡ್ ಅಲ್ಲೇ ಕೂತ್ರೆ ಜಾರ್ತಿದೆ ಅಂತ. 800ರಲ್ಲಿ ಆರ್‌ಪಿಎಂ ಮೀಟ್ರು ಇರಲ್ಲ, ಕಿವೀನೇ ಮೀಟ್ರು. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಲ್ಲಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಆಗುತ್ತಾ ನೋಡೋ ಟೆಸ್ಟೂ ಇದೆ, ಆದ್ರೆ ಅದರಲ್ಲಿ ಪೂರ್ತಿ ಸತ್ತಿರೋ ಕ್ಲಚ್ ಮಾತ್ರ ಗೊತ್ತಾಗೋದು, ಅರೆಜೀವದ್ದು ಪಾಸ್ ಆಗ್ಬಿಡುತ್ತೆ. ಯಾವ ಟೆಸ್ಟೇ ಆಗ್ಲಿ ಒಂದು ಸಲ ಸಾಕು, ಹತ್ತು ಸಲ ಮಾಡಿದ್ರೆ ಚೆನ್ನಾಗಿರೋ ಪ್ಲೇಟೂ ಸುಟ್ಟೋಗುತ್ತೆ.

ಆಟ ಸರಿ ಮಾಡಿದ ಮೇಲೂ ಜಾರಿದ್ರೆ ಆಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಪ್ಲೇಟ್ ಸವೆದಿದೆ ಇಲ್ಲಾ ಈ ಮೂರು ವಾರದಲ್ಲಿ ಬೆಂದು ಗಾಜಿನಂಗೆ ನುಣ್ಣಗಾಗಿದೆ. 1,72,000 ಕಿ.ಮೀ.ಗೆ ಇದು ಅದರ ಆಯಸ್ಸು ಅಂತ ಒಪ್ಕೊಳೋದೇ. ಜಾರಲಿಲ್ಲ, ಆದ್ರೆ ಗೇರ್ ಮತ್ತೆ ಗಟ್ಟಿ ಆಯ್ತು ಅಂದ್ರೆ ನಿಮ್ಮ ಮೊದಲನೇ ರೋಗಕ್ಕೆ ವಾಪಸ್ ಬಂದ್ವಿ. ಆಗ ಮೊದಲು ನೋಡ್ಬೇಕಾಗಿದ್ದು, ನಗ್ಬೇಡಿ, ಪೆಡಲ್ ಕೆಳಗಿರೋ ಮ್ಯಾಟು. ಸೀಟ್ ಕವರ್ ಅಂಗಡೀಲಿ ಹಾಕಿಸೋ ದಪ್ಪ ಮ್ಯಾಟ್ ಮುದುಡಿ ಪೆಡಲ್ ಹಿಂದೆ ಸೇರ್ಕೊಂಡ್ರೆ ಪೆಡಲ್ ನೆಲ ಮುಟ್ಟೋ ಮೊದ್ಲೇ ನಿಂತೋಗುತ್ತೆ, ಕ್ಲಚ್ ಪೂರ್ತಿ ಬಿಡಲ್ಲ. ಗೇರ್‌ಬಾಕ್ಸ್ ಇಳಿಸೋಕೆ ಅಂತಾನೇ ನಮ್ಮ ಶೆಡ್ಡಿಗೆ ತಂದ ಗಾಡೀನ ಮ್ಯಾಟ್ ಎತ್ತಿ ವಾಪಸ್ ಕಳಿಸಿದೀನಿ, ಟೀ ಕಾಸೂ ಸಿಗ್ಲಿಲ್ಲ. ಮ್ಯಾಟ್ ಸರಿ ಇದ್ರೆ ಆಮೇಲೆ ಪೆಡಲ್ ಬುಷ್ಷು, ಕೇಬಲ್ ಎಳೆ ಕಿತ್ತಿದ್ಯಾ, ಒಳಗೆ ತುಕ್ಕು ಹಿಡಿದು ಒಣಗಿದ್ಯಾ, ಕೇಬಲ್ ಕೂತಿರೋ ಬಾಡಿ ತಗಡು ಬಿರುಕು ಬಿಟ್ಟಿದ್ಯಾ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ರು ಬಾನೆಟ್ ಎತ್ತಿ ನೋಡ್ಲಿ. ಪೆಡಲ್ ಒತ್ತಿದಾಗ ಗೇರ್‌ಬಾಕ್ಸ್ ಮೇಲಿನ ಲಿವರ್ ಅಲ್ಲಾಡೋ ಬದಲು ತಗಡು ಬಗ್ಗಿದ್ರೆ ಕೆಲಸ ವೆಲ್ಡಿಂಗ್‌ನೋರದು, ಕ್ಲಚ್‌ದಲ್ಲ. ಇಂಜಿನ್ ಆಫ್ ಇದ್ದಾಗ್ಲೂ ಗೇರ್ ಅಷ್ಟೇ ಗಟ್ಟಿ ಇದ್ಯಾ ಅಂತಾನೂ ನೋಡ್ಕೊಳಿ. ಆಫ್ ಇದ್ದಾಗ್ಲೂ ಗಟ್ಟಿ ಅಂದ್ರೆ ತೊಂದ್ರೆ ಗೇರ್ ಲಿವರಿಂದ ಗೇರ್‌ಬಾಕ್ಸಿಗೆ ಹೋಗೋ ಲಿಂಕೇಜಲ್ಲಿ ಇಲ್ಲಾ ಗೇರ್‌ಬಾಕ್ಸ್ ಒಳಗೆ. ಆಫಲ್ಲಿ ಸಲೀಸು, ಆನಲ್ಲಿ ಗಟ್ಟಿ ಅಂದ್ರೆ ಕ್ಲಚ್ ಬಿಡ್ತಿಲ್ಲ.

ಕೊನೆಗೆ ಇಳಿಸಲೇಬೇಕಾಗಿ ಬಂದ್ರೆ ಅರ್ಧಂಬರ್ಧ ಮಾಡಿಸ್ಬೇಡಿ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ ಸೆಟ್ಟಾಗಿ ಹಾಕ್ಸಿ. ಬೇರಿಂಗಿನ ದುಡ್ಡು ಉಳಿಸೋಕೆ ಹೋಗಿ ಆರು ತಿಂಗಳಿಗೆ ಅದು ಕೂಗೋಕೆ ಶುರು ಮಾಡಿದ್ರೆ ಅದೇ ಲೇಬರ್ ಇನ್ನೊಂದ್ಸಲ ಕೊಡ್ಬೇಕು. ಕ್ರ್ಯಾಂಕ್, ಅಂದ್ರೆ ಇಂಜಿನ್ ಒಳಗೆ ತಿರುಗೋ ಶಾಫ್ಟಿನ ಹಿಂದಿನ ಆಯಿಲ್ ಸೀಲು, ಗೇರ್‌ಬಾಕ್ಸ್ ಮುಂದಿನ ಸೀಲು ಎರಡನ್ನೂ ಆವಾಗ್ಲೇ ಬದಲಾಯ್ಸಿ, ಬೆಲೆ ಕಮ್ಮಿ, ಕೈ ಎಟುಕೋದು ಆವಾಗ ಮಾತ್ರ. ಕೇಬಲ್ಲೂ ಹಳೇದಾದ್ರೆ ಹೊಸದು. ಬಿಚ್ಚಿದ ಹಳೇ ಸಾಮಾನೆಲ್ಲಾ ನಿಮ್ಮ ಕೈಗೆ ಕೊಡೋಕ್ ಹೇಳಿ. ಪ್ಲೇಟಲ್ಲಿ ರಿವೆಟ್ ತಲೆ ಮೇಲಕ್ಕೆ ಕಾಣ್ತಿದ್ರೆ ಸವೆದಿದ್ದು ನಿಜ. ರಿವೆಟ್ ಇನ್ನೂ ಆಳದಲ್ಲಿದ್ದು ಪ್ಲೇಟ್ ದಪ್ಪ ಇದ್ರೆ, ಯಾಕೆ ಬದಲಾಯಿಸಿದ್ರಿ ಅಂತ ಕೇಳೋ ಹಕ್ಕು ನಿಮಗಿದೆ.

ಒಂದು ಎಚ್ಚರಿಕೆ, ಬಿಚ್ಚಿದಾಗ ಒಳಗಿರೋ ಕಪ್ಪು ಧೂಳನ್ನ ಏರ್ ಹೊಡೆದು ಊದಿಸ್ಬೇಡಿ. ಹಳೇ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರೋ ವಸ್ತು ಅಲ್ಲ ಅದು. ಒದ್ದೆ ಬಟ್ಟೇಲಿ ಒರೆಸ್ಲಿ. ನಮ್ಮ ಹುಡುಗರಿಗೂ ದಿನಾ ಇದನ್ನೇ ಬಯ್ಕೊಂಡ್ ಹೇಳೋದು, ಕೇಳಿದಾಗ ಕೇಳ್ತಾರೆ.

ಪ್ರಶ್ನೆ: ಅಣ್ಣಾ, ನಾವು ರೇಷ್ಮೆಗೂಡು ಮಾರ್ಕೆಟ್ಟಿಗೆ ಹಾಕೋಕೆ ಓಮ್ನಿ ಇಟ್ಕೊಂಡಿದೀವಿ. ಒಂದು ವರ್ಷದಲ್ಲಿ ಮೂರು ಕ್ಲಚ್ ಕೇಬಲ್ ಹೋಗಿದಾವೆ. ಮೂರನೇದು ಕಂಪ್ನಿ ಕೇಬಲ್ಲೇ ಹಾಕ್ಸಿದ್ದು. ಬಿಚ್ಚಿದಾಗ ಮೇಲಿನ ಪ್ಲಾಸ್ಟಿಕ್ ಕರಗಿದಂಗಿತ್ತು. ಯಾರ್ ಕಣ್ಣು ಬಿತ್ತೋ ಗೊತ್ತಿಲ್ಲ.
— ಶಿಡ್ಲಘಟ್ಟ ತಾಲ್ಲೂಕಿನ ರೈತರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಕಣ್ಣು ಬಿದ್ದಿಲ್ಲ ಅಣ್ಣಾ, ಕರೆಂಟ್ ಬಿದ್ದಿದೆ. ಪ್ಲಾಸ್ಟಿಕ್ ಕರಗಿತ್ತು ಅಂತ ಬರೆದ್ರಲ್ಲ, ಆ ಒಂದು ಲೈನ್ ಇಲ್ದಿದ್ರೆ ನಾನೂ ಕೇಬಲ್ ಎಲ್ಲೋ ಚೂಪಾಗಿ ಬಗ್ಗಿದೆ ನೋಡಿ, ಸೈಲೆನ್ಸರ್ ಹತ್ರ ಹೋಗಿದೆ ನೋಡಿ ಅಂತ ಬರೆದು ಕೈ ತೊಳ್ಕೊತಿದ್ದೆ. ಅವೆರಡನ್ನೂ ನೋಡಿ, ಆದ್ರೆ ಅದಕ್ಕೂ ಮೊದ್ಲು ಅರ್ಥಿಂಗ್ ನೋಡಿ.

ಇಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೆ ಬ್ಯಾಟರಿ ನೆಗೆಟಿವ್‌ನಿಂದ ಇಂಜಿನ್‌ಗೆ ಇಲ್ಲಾ ಬಾಡಿಯಿಂದ ಇಂಜಿನ್‌ಗೆ ಒಂದು ದಪ್ಪ ಅರ್ಥ್ ವೈರ್ ಇರುತ್ತೆ. ಸೆಲ್ಫ್ ಹೊಡೆದಾಗ ಹರಿಯೋದು ನೂರಾರು ಆಂಪ್ಸ್ ಲೆಕ್ಕದ ಕರೆಂಟು. ಆ ವೈರ್ ತುಕ್ಕು ಹಿಡಿದಿದ್ರೆ ಇಲ್ಲಾ ಹೋದ ಸಲ ಇಂಜಿನ್ ಕೆಲಸ ಮಾಡಿದೋರು ವಾಪಸ್ ಹಾಕೋದು ಮರೆತಿದ್ರೆ ಕರೆಂಟು ಸುಮ್ನಿರುತ್ತಾ, ಬಾಡಿಗೂ ಇಂಜಿನ್‌ಗೂ ನಡುವೆ ಇರೋ ಬೇರೆ ಕಬ್ಬಿಣದ ದಾರಿ ಹಿಡಿಯುತ್ತೆ. ಆ ದಾರಿ ಯಾವುದಪ್ಪಾ ಅಂದ್ರೆ ಕ್ಲಚ್ ಕೇಬಲ್ಲು, ಎಕ್ಸಲೇಟರ್ ಕೇಬಲ್ಲು. ಸೆಲ್ಫ್ ಹೊಡೆದಾಗೆಲ್ಲಾ ಕೇಬಲ್ ಒಳಗೇ ಕಾಯುತ್ತೆ, ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟುತ್ತೆ, ಪೆಡಲ್ ಭಾರ ಆಗ್ತಾ ಆಗ್ತಾ ಒಂದಿನ ಪಟ್ ಅನ್ನುತ್ತೆ. ನಿಮಗೆ ಬೆಳಗ್ಗೆ ಸೆಲ್ಫ್ ಕೂಡ ಎಳೆದೆಳೆದು ಹೊಡೀತಿರ್ಬೇಕು, ಹೌದಾ?

ಮಲ್ಟಿಮೀಟರ್ ಇರೋ ಎಲೆಕ್ಟ್ರಿಷಿಯನ್ ಹತ್ರ ಹೋಗಿ. ಮೀಟರಿನ ಒಂದು ಕಡ್ಡಿ ಇಂಜಿನ್ ಲೋಹಕ್ಕೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಇಟ್ಟು ಸೆಲ್ಫ್ ಹೊಡೆಸ್ಲಿ. ಅರ್ಧ ವೋಲ್ಟ್ ದಾಟಿದ್ರೆ ಅರ್ಥ್ ಕೆಟ್ಟಿದೆ ಅಂತಾನೇ ತಿಳ್ಕೊಳಿ. ಹೊಸ ವೈರ್ ಹಾಕೋವಾಗ ಬೋಲ್ಟ್ ಕೂರೋ ಜಾಗದ ಪೇಂಟ್, ತುಕ್ಕು ಎಲ್ಲಾ ಉಪ್ಪುಕಾಗದ ಹಾಕಿ ಉಜ್ಜಿ ಹೊಳೆಯೋ ಲೋಹ ಕಾಣ್ಬೇಕು. ಇದಾದ ಮೇಲೆ ನಾಲ್ಕನೇ ಕೇಬಲ್ ಹಾಕ್ಸಿ, ಮೊದ್ಲೇ ಹಾಕ್ಸಿದ್ರೆ ಅದೂ ಸುಟ್ಟೋಗುತ್ತೆ.

ಪ್ರಶ್ನೆ: ಕ್ವಾಲಿಸ್, 2003 ಮಾಡೆಲ್, ಮೂರು ಲಕ್ಷ ಕಿ.ಮೀ. ದಾಟಿದೆ. ಬೆಳಗ್ಗೆ ಮೊದಲನೇ ಸಲ ಕ್ಲಚ್ ಒತ್ತಿದ್ರೆ ಕಾಲು ಸೀದಾ ನೆಲಕ್ಕೆ ಹೋಗುತ್ತೆ, ಗೇರ್ ಬೀಳಲ್ಲ. ನಾಲ್ಕೈದು ಸಲ ಪಂಪ್ ಮಾಡಿದ್ರೆ ಸರಿ ಹೋಗುತ್ತೆ. ಮುಳಬಾಗಿಲಿಂದ ಬರ್ತಾ ಟ್ರಾಫಿಕ್ಕಲ್ಲಿ ಒತ್ಕೊಂಡು ನಿಂತಾಗ ಗಾಡಿ ತಾನೇ ಮೆಲ್ಲಗೆ ಮುಂದಕ್ಕೆ ಜರುಗ್ತು, ಮುಂದಿನ ಬೈಕ್‌ನವನಿಗೆ ತಾಗೋದ್ರಲ್ಲಿತ್ತು. ಕ್ಲಚ್ ಪ್ಲೇಟ್ ಹಾಕಿಸ್ಬೇಕಾ?
— ಕೋಲಾರದ ಓದುಗರು

ಉತ್ತರ: ಪ್ಲೇಟಿಗೂ ಇದಕ್ಕೂ ಸಂಬಂಧನೇ ಇಲ್ಲ. ಕ್ವಾಲಿಸ್‌ದು ಹೈಡ್ರಾಲಿಕ್ ಕ್ಲಚ್ಚು, ಕೇಬಲ್ ಇರಲ್ಲ, ಪೆಡಲ್ ಮೇಲಿನ ಸಿಲಿಂಡರು ಎಣ್ಣೆ ತಳ್ಳುತ್ತೆ, ಗೇರ್‌ಬಾಕ್ಸ್ ಹತ್ರದ ಸಿಲಿಂಡರು ಅದರಿಂದ ರಿಲೀಸ್ ಬೇರಿಂಗ್ ಸರಿಸೋ ಫೋರ್ಕನ್ನ ತಳ್ಳುತ್ತೆ. ಪಂಪ್ ಮಾಡಿದ್ರೆ ಸರಿ ಹೋಗುತ್ತೆ ಅಂದ್ರೆ ಒಂದೋ ಎಣ್ಣೇಲಿ ಗಾಳಿ ಸೇರಿದೆ, ಇಲ್ಲಾ ಮೇಲಿನ ಸಿಲಿಂಡರ್ ಒಳಗಿನ ರಬ್ಬರ್ ವಾಷರ್ ಸೋತಿದೆ. ಒತ್ತಿ ಹಿಡಿದಾಗ ಗಾಡಿ ಜರುಗಿತು ಅಂತ ಬರೆದಿದೀರಲ್ಲ, ಅದನ್ನ ನೋಡಿದ್ರೆ ನನಗೆ ರಬ್ಬರ್ ಮೇಲೇ ಡೌಟು. ಒತ್ತಿದ ಎಣ್ಣೆ ರಬ್ಬರ್ ಪಕ್ಕದಿಂದ ನುಸುಳಿ ಹಿಂದಕ್ಕೆ ಹೋಗ್ತಿದೆ.

ಕ್ಲಚ್ ಎಣ್ಣೆ ಡಬ್ಬಿ ಮೇಲೆ ಇವತ್ತಿನ ಲೆವೆಲ್‌ಗೆ ಪೆನ್ನಲ್ಲಿ ಗುರುತು ಹಾಕಿ, ಒಂದು ವಾರ ಓಡ್ಸಿ. ಕಮ್ಮಿ ಆದ್ರೆ ಎಲ್ಲೋ ಹೊರಗೆ ಲೀಕ್ ಇದೆ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ಪೆಡಲ್ ಮೇಲಿನ ಕಡ್ಡಿ ಹತ್ರ ಒದ್ದೆ ಇದ್ಯಾ ನೋಡಿ, ಆಮೇಲೆ ಕೆಳಗಿನ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಲೀಕ್ ಒಳಗೊಳಗೇ. ಒಳಗಿನ ರಬ್ಬರ್ ಸೆಟ್ಟು ಅಂದ್ರೆ ಕಿಟ್ ಹಾಕಿದ್ರೆ ಸಾಕಾ, ಸಿಲಿಂಡರೇ ಬದಲಾಯಿಸ್ಬೇಕಾ ಅನ್ನೋದು ಒಳಗಡೆ ಗೋಡೆ ಬೆರಳಲ್ಲಿ ಸವರಿದ್ರೆ ಗೊತ್ತಾಗುತ್ತೆ. ನುಣ್ಣಗಿದ್ರೆ ಕಿಟ್ಟು, ಗುಳಿ ಗುಳಿ ತುಕ್ಕು ತಗುಲಿದ್ರೆ ಹೊಸ ಸಿಲಿಂಡರು, ಯಾಕಂದ್ರೆ ಆ ಗುಳಿ ಹೊಸ ರಬ್ಬರನ್ನೂ ಸ್ವಲ್ಪ ದಿನದಲ್ಲೇ ಹರಿದು ಹಾಕುತ್ತೆ. ಮೂರು ಲಕ್ಷ ಓಡಿರೋ ಗಾಡಿಗೆ ನಾನಾದ್ರೆ ಮೇಲಿಂದು ಕೆಳಗಿಂದು ಎರಡೂ ಒಟ್ಟಿಗೇ ಮಾಡ್ತೀನಿ, ಮೇಲಿಂದು ಗಟ್ಟಿ ಆದ್ರೆ ಕೆಳಗಿನ ಸೋತ ರಬ್ಬರ್ ಮೇಲೆ ಪ್ರೆಷರ್ ಬಿದ್ದು ಅದು ಮುಂದಿನ ತಿಂಗಳು ಸೋರೋದು ನೋಡಿ ನೋಡಿ ಸಾಕಾಗಿದೆ.

ಎಣ್ಣೆ ಅಂದ್ನಲ್ಲ, ಅದು ಬ್ರೇಕ್ ಫ್ಲೂಯಿಡ್, ಡಬ್ಬಿ ಮುಚ್ಚಳದ ಮೇಲೆ ಡಾಟ್ 3 ಇಲ್ಲಾ ಡಾಟ್ 4 ಅಂತ ಬರೆದಿರುತ್ತೆ, ಅದನ್ನೇ ಹಾಕ್ಬೇಕು. ದಾರೀಲಿ ಕಮ್ಮಿ ಆಯ್ತು ಅಂತ ಇಂಜಿನ್ ಆಯಿಲ್ ಸುರಿಯೋ ಪುಣ್ಯಾತ್ಮರು ಇನ್ನೂ ಇದಾರೆ. ಹಾಗೆ ಸುರಿದ್ರೆ ಒಳಗಿನ ರಬ್ಬರೆಲ್ಲಾ ನೆನೆದ ಕಡ್ಲೆ ಥರ ಊದ್ಕೊಂಡು ಎರಡೂ ಸಿಲಿಂಡರು, ಪೈಪು ಎಲ್ಲಾ ಬದಲಾಯಿಸೋ ಹಂಗಾಗುತ್ತೆ. ಬ್ರೇಕ್ ಫ್ಲೂಯಿಡ್ ಗಾಳೀಲಿರೋ ತೇವ ಹೀರುತ್ತೆ, ಅದಕ್ಕೆ ಎರಡು ವರ್ಷಕ್ಕೊಂದ್ಸಲ ಬದಲಾಯಿಸಿದ್ರೆ ಒಳ್ಳೇದು, ಅರ್ಧ ಖಾಲಿ ಬಾಟಲ್ ಶೆಡ್ಡಲ್ಲಿ ವರ್ಷಗಟ್ಲೆ ಇಟ್ಟಿದ್ದನ್ನ ಹಾಕ್ಬೇಡಿ. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರು ಹಾಕಿ ತೊಳೀರಿ, ಇಲ್ದಿದ್ರೆ ಪೇಂಟ್ ಏಳುತ್ತೆ. ರಿಪೇರಿ ಆಗೋ ತನಕ ಒಂದು ಮಾತು ನಡೆಸಿಕೊಡಿ, ಸಿಗ್ನಲಲ್ಲಿ ಗೇರ್‌ನಲ್ಲಿ ನಿಲ್ಬೇಡಿ, ನ್ಯೂಟ್ರಲ್ ಮಾಡಿ. ಆ ಬೈಕ್‌ನವನ ಅದೃಷ್ಟ ಚೆನ್ನಾಗಿತ್ತು.

ಪ್ರಶ್ನೆ: ಹೊಸ ಕ್ಲಚ್ ಸೆಟ್ ಹಾಕಿಸಿ ಹದಿನೈದು ದಿನ ಆಗಿಲ್ಲ, ಫಸ್ಟಲ್ಲೂ ರಿವರ್ಸಲ್ಲೂ ಎತ್ತೋವಾಗ ಗಾಡಿ ಎತ್ತಿನಗಾಡಿ ಥರ ದಡಬಡ ಅಲ್ಲಾಡುತ್ತೆ. ಕೇಳಿದ್ರೆ ಹೊಸದು ಅಲ್ವಾ, ಸೆಟ್ ಆಗುತ್ತೆ ಬಿಡಿ ಅಂತಾರೆ. ಆಗುತ್ತಾ?
— ಚಿಂತಾಮಣಿಯ ಓದುಗರು

ಉತ್ತರ: ಸಣ್ಣದಾಗಿ ಇದ್ರೆ ಕೆಲವು ನೂರು ಕಿ.ಮೀ.ಗೆ ಸೆಟ್ ಆಗುತ್ತೆ, ಅದು ಸುಳ್ಳಲ್ಲ. ನೀವು ಬರೆದಿರೋ ಥರ ದಡಬಡ ಇದ್ರೆ ಆಗಲ್ಲ. ಮೊದಲು ಖರ್ಚಿಲ್ಲದ್ದು ನೋಡಿ, ಇಂಜಿನ್ ಮತ್ತೆ ಗೇರ್‌ಬಾಕ್ಸ್ ಮೌಂಟಿಂಗ್. ಗೇರ್‌ಬಾಕ್ಸ್ ಇಳಿಸಿ ಏರಿಸೋವಾಗ ಹಳೇ ಮೌಂಟಿಂಗ್ ರಬ್ಬರ್ ಕಿತ್ಕೊಂಡಿರುತ್ತೆ ಇಲ್ಲಾ ಬೋಲ್ಟ್ ಲೂಸ್ ಬಿಟ್ಟಿರ್ತಾರೆ. ಬಾನೆಟ್ ಎತ್ತಿ ಪಕ್ಕದಲ್ಲಿ ನಿಂತ್ಕೊಳಿ, ಗಾಡಿ ಮುಂದೆ ಮಾತ್ರ ನಿಲ್ಬೇಡಿ, ಬೇರೆಯೋರು ಬ್ರೇಕ್ ಹಿಡಿದು ಕ್ಲಚ್ ಸ್ವಲ್ಪ ಬಿಡ್ಲಿ, ಇಂಜಿನ್ ಎಗರಿ ಬಿದ್ರೆ ಮೌಂಟಿಂಗ್ ಹೋಗಿದೆ.

ಅದು ಸರಿ ಇದ್ರೆ ಬಾಕಿ ಎಲ್ಲಾ ಒಳಗಿಂದೇ. ಫ್ಲೈವೀಲ್ ಮೇಲೆ ನೀಲಿ ಕಲೆ ಬಿದ್ದು ಬೆಂದಿತ್ತಾ, ಅದನ್ನ ಲೇತ್‌ಗೆ ಕೊಟ್ಟು ಫೇಸಿಂಗ್, ಅಂದ್ರೆ ಮೇಲ್ಮೈ ಸಮ ಮಾಡಿಸಿದ್ರಾ ಅಂತ ಕೇಳಿ. ಎಷ್ಟೋ ಕಡೆ ಹೊಸ ಪ್ಲೇಟನ್ನ ಅದೇ ಬೆಂದ ಫ್ಲೈವೀಲ್ ಮೇಲೆ ಕೂರ್ಸಿ ಕಳಿಸ್ತಾರೆ. ಎರಡು ಪದರದ ಫ್ಲೈವೀಲ್ ಬರೋ ಗಾಡಿಗಳಲ್ಲಿ ಮಾತ್ರ ಈ ಲೇತ್ ಕೆಲಸಕ್ಕೆ ಹೋಗ್ಬೇಡಿ, ಅದು ಬೇರೆ ಜಾತಿ. ಪ್ಲೇಟಿಗೆ ಎಣ್ಣೆ ತಾಗಿದ್ರೂ ಹೀಗೇ ಆಗೋದು. ಗೇರ್‌ಬಾಕ್ಸೂ ಇಂಜಿನ್ನೂ ಸೇರೋ ಜಾಗದ ಕೆಳಗೆ ಹನಿ ಇದ್ಯಾ ನೋಡಿ. ಕಪ್ಪಗೆ ತೆಳ್ಳಗಿದ್ರೆ ಇಂಜಿನ್ ಆಯಿಲು, ಹಿಂದಿನ ಸೀಲ್ ಹೋಗಿದೆ. ದಪ್ಪ ಇದ್ದು ಗಬ್ಬು ವಾಸನೆ ಬಂದ್ರೆ ಗೇರ್ ಆಯಿಲು. ಎಣ್ಣೆ ಕುಡಿದ ಪ್ಲೇಟನ್ನ ಪೆಟ್ರೋಲಲ್ಲಿ ತೊಳೆದು ಹಾಕ್ತೀನಿ ಅಂದ್ರೆ ಒಪ್ಬೇಡಿ, ಬಿಸಿ ಆದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಇನ್ನೊಂದು ಕಾರಣ ಯಾರೂ ಒಪ್ಕೊಳಲ್ಲ, ಗೇರ್‌ಬಾಕ್ಸ್ ಏರಿಸೋವಾಗ ಜ್ಯಾಕ್ ಕೊಡದೆ ಅದರ ಪೂರ್ತಿ ಭಾರ ಪ್ಲೇಟಿನ ನಡುಭಾಗದ ಮೇಲೆ ನೇತಾಡಿಸಿರ್ತಾರೆ, ಪ್ಲೇಟ್ ಡೊಂಕಾಗುತ್ತೆ. ಒಟ್ನಲ್ಲಿ ನಿಮ್ಮದು ಮತ್ತೆ ಬಿಚ್ಚೋ ಕೆಲಸಾನೇ, ಹದಿನೈದು ದಿನ ಅಂತೀರ, ಲೇಬರ್ ಕೊಡೋ ಮಾತು ಎತ್ತಲೇಬೇಡಿ.

ಪ್ರಶ್ನೆ: ಗಾಡಿ ನಿಂತಾಗ ನ್ಯೂಟ್ರಲಲ್ಲಿ ಗರಗರ ಸೌಂಡ್, ಕ್ಲಚ್ ಒತ್ತಿದ್ರೆ ನಿಲ್ಲುತ್ತೆ. ರಿಲೀಸ್ ಬೇರಿಂಗ್ ತಾನೇ?
— ತಿಪಟೂರಿನ ಓದುಗರು

ಉತ್ತರ: ಅಲ್ಲ, ಉಲ್ಟಾ. ಒತ್ತಿದಾಗ ಸೌಂಡ್ ಶುರುವಾದ್ರೆ ರಿಲೀಸ್ ಬೇರಿಂಗು. ಒತ್ತಿದಾಗ ನಿಂತ್ರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಅಂದ್ರೆ ಕ್ಲಚ್ ತಿರುಗಿಸೋ ಶಾಫ್ಟಿನ ಬೇರಿಂಗು. ಮೊದಲು ಗೇರ್ ಆಯಿಲ್ ಲೆವೆಲ್ ನೋಡ್ಸಿ, ಹಳೇ ಗಾಡಿಗಳಲ್ಲಿ ಇಂಜಿನ್ ಆಯಿಲ್ ನೆನಪಿರುತ್ತೆ, ಇದನ್ನ ಯಾರೂ ಕೇಳಲ್ಲ. ಕೊಬ್ಬರಿ ಚೀಲ ತುಂಬ್ಕೊಂಡು ಓಡಾಡೋ ಗಾಡಿ ಆದ್ರೆ ತಡ ಮಾಡ್ಬೇಡಿ.

ಪ್ರಶ್ನೆ: ಸಾರ್, ನಾನು ಟೀಚರ್, ದಿನಾ ಕೊರಟಗೆರೆಯಿಂದ ತುಮಕೂರಿಗೆ ಹಳೇ ಆಲ್ಟೋದಲ್ಲಿ ಬಂದು ಹೋಗ್ತೀನಿ. ಸಿಗ್ನಲಲ್ಲಿ ಗೇರ್ ಹಾಕಿ ಕ್ಲಚ್ ಒತ್ಕೊಂಡೇ ನಿಲ್ತೀನಿ. ಹಾಗೆ ಮಾಡಿದ್ರೆ ಪ್ಲೇಟ್ ಸವೆದೋಗುತ್ತೆ ಅಂತ ನಮ್ಮೆಜಮಾನ್ರು ದಿನಾ ಜಗಳ. ಅವರು ಓಡಿಸೋವಾಗ ಮಾತ್ರ ಎಡಗಾಲು ಪೆಡಲ್ ಮೇಲೇ ಇರುತ್ತೆ, ಏರಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಕ್ಲಚ್ಚಲ್ಲೇ ಗಾಡಿ ನಿಲ್ಲಿಸ್ತಾರೆ. ಯಾರದು ತಪ್ಪು ಹೇಳಿ.
— ಕೊರಟಗೆರೆಯ ಓದುಗರು

ಉತ್ತರ: ಮೇಡಂ, ನನ್ನನ್ನ ಇದಕ್ಕೆ ಎಳೀತಿದೀರಲ್ಲ. ಆದ್ರೂ ಹೇಳ್ತೀನಿ. ಪೆಡಲ್ ಪೂರ್ತಿ ನೆಲಕ್ಕೆ ಒತ್ತಿದ್ರೆ ಪ್ಲೇಟ್ ಯಾವುದಕ್ಕೂ ತಾಗ್ದೆ ಬಿಡುವಾಗಿರುತ್ತೆ, ಸವೆಯೋ ಮಾತೇ ಇಲ್ಲ, ಆ ವಿಷಯದಲ್ಲಿ ನಿಮ್ಮೆಜಮಾನ್ರ ಮಾತು ತಪ್ಪು. ಆದ್ರೆ ಅಷ್ಟೂ ಹೊತ್ತು ರಿಲೀಸ್ ಬೇರಿಂಗ್ ಮೇಲೆ ಭಾರ ಇರುತ್ತೆ, ಕೇಬಲ್ ಎಳೆತದಲ್ಲೇ ಇರುತ್ತೆ, ಅದಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲೋದಿದ್ರೆ ನ್ಯೂಟ್ರಲ್ ಮಾಡಿ ಕಾಲು ತೆಗೀರಿ. ಅವರದು ಹಾಗಲ್ಲ. ಏರಲ್ಲಿ ಹಾಫ್ ಕ್ಲಚ್ಚಲ್ಲಿ ಗಾಡಿ ಹಿಡಿದು ನಿಲ್ಲಿಸೋದು ಅಂದ್ರೆ ಪ್ಲೇಟನ್ನ ಸಾಣೆ ಕಲ್ಲಿಗೆ ಹಿಡಿದಂಗೆ, ಪ್ಲೇಟ್ ತಿನ್ನೋದು ಅದೇ. ಪೆಡಲ್ ಮೇಲೆ ಸುಮ್ನೆ ಕಾಲಿಟ್ಕೊಂಡಿರೋದೂ ಅಷ್ಟೇ, ಫ್ರೀ ಪ್ಲೇ ಇಲ್ದಂಗೆ ಕೇಬಲ್ ಟೈಟ್ ಮಾಡಿದಂಗೇ ಆಯ್ತು.

ಸಣ್ಣ ತಪ್ಪು ನಿಮ್ಮದು, ದೊಡ್ಡದು ಅವರದು. ಈ ಪುಟ ಅವರಿಗೆ ತೋರ್ಸೋದು ಬಿಡೋದು ನಿಮಗೇ ಬಿಟ್ಟಿದ್ದು, ತೋರ್ಸೋದಾದ್ರೆ ಊಟ ಆದ್ಮೇಲೆ ತೋರ್ಸಿ.